ಕತ್ತಲ ಕೋಣೆಯ ಡ್ಯೂಟಿ

ಹುಳಿ ವಾಸನೆ, ಎಲ್ಲಿಂದ ಬಂತಪ್ಪಾ ಇದು, ನೆಲ ಒರೆಸುವವಳ ಬಕೆಟ್ಟಿನಿಂದಲೋ, ಆ ಮುಚ್ಚಿದ ಬಾಗಿಲ ಹಿಂದಿನಿಂದಲೋ, ಈಗೆಲ್ಲಿ ಯಾರು ಎಕ್ಸ್-ರೇ ಫಿಲಂ ತೊಳೀತಾರೆ, ಎಲ್ಲ ಕಂಪ್ಯೂಟರಿನಲ್ಲೇ ಬರುತ್ತೆ, ಆದರೂ ಮೂಗು ಮರೆತಿಲ್ಲ, ಫಿಲಂ ಅದ್ದುವ ಫಿಕ್ಸರ್ ನೀರಿನ ತೊಟ್ಟಿಯ ವಾಸನೆ, ಬಟ್ಟೆಗೆ, ಕೂದಲಿಗೆ, ಉಗುರಿನ ಸಂದಿಗೆ ಹತ್ತಿಕೊಂಡು ಮನೆತನಕ ಬರುತ್ತಿದ್ದದ್ದು, ಹತ್ತಿರ ಬರಬೇಡ ಕಣೇ ಉಪ್ಪಿನಕಾಯಿ ಜಾಡಿ ಥರ ನಾರ್ತೀಯ ಅಂತ ಗಂಡ ನಗುತ್ತಿದ್ದದ್ದು, ಈಗ ನಗೋಕೆ ಅವರೂ ಇಲ್ಲ, ಇರುವವಳು ಒಬ್ಬಳೇ ಮಗಳು, ಅವಳೂ ಆ ಬಾಗಿಲೊಳಗೆ ಹೊಟ್ಟೆಗೆ ತಣ್ಣನೆ ಜೆಲ್ಲು ಹಚ್ಚಿಸಿಕೊಂಡು ಮಲಗಿದ್ದಾಳೆ, ಮಗಳೊಳಗೆ ನಾಲ್ಕು ತಿಂಗಳ ಇನ್ನೊಂದು ಜೀವ, ಹೊರಗೆ ಈ ಉಕ್ಕಿನ ಕುರ್ಚಿಯಲ್ಲಿ ಮಗಳ ಚಪ್ಪಲಿ ಮಗಳ ಚೀಲ ಕಾಯುತ್ತ ತಾನು, ಬೆಳಿಗ್ಗೆ ಹನ್ನೊಂದು ಗಂಟೆಗೆ ಇಷ್ಟು ಚಳಿ ಯಾಕೆ, ನರ್ಸು ಬಂದು ಹೇಳಿಹೋಗಿ ಎಷ್ಟು ಹೊತ್ತಾಯಿತು — ಅಮ್ಮಾ, ಸ್ಕ್ಯಾನ್ ಮುಗಿದ ಮೇಲೆ ನೀವೂ ಒಳಗೆ ಬರಬೇಕಂತೆ, ನೀವು ಇವರನ್ನ ಹೊತ್ತಿದ್ದಾಗಿನ ವಿಷಯ ಡಾಕ್ಟರಮ್ಮ ಕೇಳಬೇಕಂತೆ. ಕೇಳಲಿ. ಕೇಳದೆ ಇರಲಿ. ದೇವರೇ, ಕೇಳದೆ ಇರಲಿ.

ಮಗಳ ಕಾಲಿನ ಬಾವು ಅಂತ ಬಂದದ್ದು ತಾನೆ, ಬಸುರಿಗೆ ಕಾಲು ಊದದೆ ಇನ್ನೇನು ಊದುತ್ತೆ ಅಂತ ತಾನೇ ಮಗಳನ್ನು ಗದರಿದ್ದು, ಆಮೇಲೆ ಬಿ.ಪಿ. ನೋಡಿದರು, ಮತ್ತೆ ನೋಡಿದರು, ಯಂತ್ರ ಕೆಟ್ಟಿರಬೇಕು ಅಂತ ಇನ್ನೊಂದರಲ್ಲಿ ನೋಡಿದರು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಅಂದರು, ಇಪ್ಪತ್ತೇಳು ವರ್ಷದ ಹುಡುಗಿ, ಮಾತ್ರೆ ನುಂಗಿದವಳಲ್ಲ, ಎರಡೂ ಕಿಡ್ನಿ ಚಿಕ್ಕದಿದ್ದ ಹಾಗಿದೆ, ಈ ದೊಡ್ಡಾಸ್ಪತ್ರೆಗೆ ಹೋಗಿ ಅಂತ ಚೀಟಿ ಕೊಟ್ಟರು. ಹೋದ ವಾರ ಡಾಕ್ಟರಮ್ಮ, ಮಗಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಷ್ಟೇ, ಕಾಗದದ ಹಿಂಬದಿಯಲ್ಲಿ ಬರೆದು ತೋರಿಸಿದಳಲ್ಲ, ನೋಡಿ ಕಿಡ್ನಿಯೊಳಗೆ ಲಕ್ಷಗಟ್ಟಲೆ ಸಣ್ಣ ಸಣ್ಣ ಜರಡಿ, ತಾಯಿ ಹೊಟ್ಟೇಲಿದ್ದಾಗಲೇ ಅಷ್ಟೂ ಆಗಿಬಿಡಬೇಕು, ಹುಟ್ಟಿದ ಮೇಲೆ ಒಂದೇ ಒಂದು ಹೊಸದು ಬರಲ್ಲ, ಕಮ್ಮಿ ಇದ್ದರೆ ಇದ್ದವೇ ಎಲ್ಲರ ಪಾಲಿನ ಕೆಲಸ ಮಾಡಿ ಮಾಡಿ ಸವೀತವೆ, ಒಳಗೊಳಗೇ, ವರ್ಷಗಟ್ಟಲೆ, ಗೊತ್ತೂ ಆಗಲ್ಲ. ಯಾಕೆ ಕಮ್ಮಿ ಆಗುತ್ತೆ ಡಾಕ್ಟ್ರೇ ಅಂತ ಮಗಳು. ನೂರು ಕಾರಣ ಇರುತ್ತೆ ಮರೀ, ತಿಂಗಳು ತುಂಬದೆ ಹುಟ್ಟೋದು, ತೂಕ ಕಮ್ಮಿ ಇರೋದು, ತಾಯಿಗೆ ವಿಟಮಿನ್ ಕೊರತೆ, ಎ, ಡಿ, ಅದೂ ಒಂದು ಇರಬಹುದು ಅಂತಾರೆ, ಇಂಥದ್ದೇ ಅಂತ ಗೆರೆ ಎಳೆದು ಹೇಳೋಕಾಗಲ್ಲ, ನಿಮ್ಮಮ್ಮನ ಹಳೇ ಕಾಗದ ಏನಾದರೂ ಇದ್ದರೆ ತನ್ನಿ. ಇದೆ. ಇದ್ದೇ ಇದೆ. ಚೀಲದ ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಿಚಿ ಮಡಿಚಿ ಅಂಚು ಹರಿದ ಚೀಟಿ, ಇಪ್ಪತ್ತೇಳು ವರ್ಷ ಮಗಳ ಕೈಗೆ ಸಿಗದ ಹಾಗೆ ಇಟ್ಟದ್ದು, ಮೂರೇ ಸಾಲು — ಡಿ ವಿಟಮಿನ್ ಕೊರತೆ. ದಿನಾ ಬಿಸಿಲು. ಡಾರ್ಕ್‌ರೂಮ್ ಕೆಲಸ ಬೇಡ.

ಬೇಡ ಅಂತ ಬರೆಯೋದು ಸುಲಭ, ಪೆನ್ನಿಗೇನು ಹೊಟ್ಟೆಯಾ ಬಟ್ಟೆಯಾ, ಆದರೆ ಫಿಲಂ ತೊಳೆಯುವ ಆ ಕತ್ತಲ ಕೋಣೆಗೆ ತನ್ನನ್ನು ಹಾಕಿದ್ದೇ ಬಸುರಿ ಅಂತ, ಅದೊಂದು ದೊಡ್ಡ ಉಪಕಾರ ಅಂತ. ಎಕ್ಸ್-ರೇ ಬಿದ್ದರೆ ಮಗು ಕುರೂಪಿ ಆಗುತ್ತೆ, ಕೈಕಾಲು ಇರಲ್ಲ ಅಂತ ಆಸ್ಪತ್ರೆಯ ಆಯಾಗಳಿಂದ ಹಿಡಿದು ಕ್ಯಾಂಟೀನಿನವನವರೆಗೆ ಎಲ್ಲರೂ ಹೆದರಿಸಿದವರೇ, ತಾನೇ ಸೂಪರ್‌ವೈಸರ್ ಮುಂದೆ ಅತ್ತುಕೊಂಡು ನಿಂತದ್ದು, ಸರ್ ನನ್ನನ್ನ ಆ ಮಿಶನ್ನಿನ ಹತ್ತಿರ ನಿಲ್ಲಿಸಬೇಡಿ ಸರ್, ಅವನು ಧಾರಾಳವಾಗಿ ನಕ್ಕು, ಹೋಗಮ್ಮಾ ನಿನ್ನ ಒಳ್ಳೇದಕ್ಕೇ ಹೇಳ್ತೀನಿ, ಡಾರ್ಕ್‌ರೂಮಿಗೆ ಹೋಗು, ಅಲ್ಲಿ ಒಂದು ಸೊಳ್ಳೆನೂ ಬರಲ್ಲ. ಬರಲಿಲ್ಲ. ಏನೂ ಬರಲಿಲ್ಲ. ಸೂರ್ಯ ಮೂಡುವ ಮುಂಚೆ ಒಳಗೆ, ಮುಳುಗಿದ ಮೇಲೆ ಹೊರಗೆ, ಒಂದು ಕೆಂಪು ದೀಪ, ಮೂರು ತೊಟ್ಟಿ, ಒಂದು ಸ್ಟೂಲು, ಊಟವೂ ಅಲ್ಲೇ, ವಾರದ ರಜೆ ಬಟ್ಟೆ ಒಗೆಯುವುದಕ್ಕೆ, ನಿದ್ದೆಗೆ, ಮನೆಯೋ ಎದುರು ಗೋಡೆಗೆ ಮೂಗು ತಾಗಿಸಿಕೊಂಡ ಕೆಳಗಿನ ಮನೆ. ಯಾರೂ ಹೋಗಲೊಲ್ಲದ ಕೋಣೆಗೆ ಆಳು ಸಿಕ್ಕಿತು ಅಂತ ಅವನಿಗೆ ಖುಷಿ, ಅದನ್ನೇ ಕರುಣೆ ಅಂತ ತಿಳಿದೆನಲ್ಲ, ಎಂಥ ಪೆದ್ದಿ, ಕೈ ಮುಗಿದೆನಲ್ಲ ಅವನಿಗೆ. ಐದನೇ ತಿಂಗಳಿಗೆ ಸ್ಟೂಲಿನಿಂದ ಏಳೋಕಾಗದು, ತೊಡೆಯಲ್ಲಿ ಬಲವೇ ಇಲ್ಲ, ಸೊಂಟದ ಮೂಳೆ ಯಾರೋ ಒಳಗಿಂದ ಹಿಂಡಿದ ಹಾಗೆ, ಆಗ ಹೆರಿಗೆ ಡಾಕ್ಟರು ಬರೆದದ್ದು ಆ ಚೀಟಿ, ಔಷಧಿ ಕಿಟಕಿಯಲ್ಲಿ ಸ್ಟಾಕ್ ಇಲ್ಲ ಮುಂದಿನ ವಾರ ಬಾ, ಮುಂದಿನ ವಾರವೂ ಮುಂದಿನ ವಾರವೇ, ಚೀಟಿ ನೋಡಿ ಸೂಪರ್‌ವೈಸರ್, ಅರ್ಧ ಗಂಟೆ ಬಿಸಿಲಾ, ನೀನು ಬಿಸಿಲು ಕಾಯಿಸ್ಕೊಂಡು ಕೂತರೆ ಫಿಲಂ ತಾನೇ ಎದ್ದು ತೊಳ್ಕೊಳುತ್ತಾ, ಅಷ್ಟು ಬಿಸಿಲು ಬೇಕಿದ್ದರೆ ಮನೇಲೇ ಇರು, ನಾಳೆಯಿಂದ ಬರಬೇಡ. ಇನ್ನೊಂದು ಪಾಳಿಯ ಗೂಬಕ್ಕ, ಇಪ್ಪತ್ತು ವರ್ಷ ಕತ್ತಲಲ್ಲೇ ದುಡಿದು ಆ ಹೆಸರನ್ನು ತಾನೇ ಇಟ್ಟುಕೊಂಡವಳು, ಅರ್ಜಿ ಹಿಡಿದು ಓಡಿಬಂದಳು, ಎರಡೆರಡು ಗಂಟೆಗೆ ಆಳು ಬದಲಾಯಿಸಬೇಕು ಅಂತ ಬರೆಸಿದೀನಿ, ಹಾಕೇ ಸೈನು, ಒಬ್ಬಳೇ ಕೂಗಿದರೆ ಗೂಬೆ ಅಂತಾರೆ, ಇಬ್ಬರು ಕೂಗಿದರೆ ಕೇಳಲೇಬೇಕು. ಹಾಕಲಿಲ್ಲ. ಬೇಡಕ್ಕಾ ನನಗೆ ಭಯ ಅಂದೆ. ಗೂಬಕ್ಕ ಬೈಯಲೂ ಇಲ್ಲ, ಅರ್ಜಿ ಮಡಿಚಿಕೊಂಡು, ಭಯ ನಿನಗಲ್ಲ ಕಣೇ, ನಿನ್ನ ಹೊಟ್ಟೇಲಿರೋದಕ್ಕೆ ಆಗಬೇಕಿತ್ತು, ಪಾಪ ಅದಕ್ಕೆ ಸೈನು ಬರಲ್ಲ ಅಂದಳು.

ಬೇರೆಯವರ ಕಿಡ್ನಿಯ ಫಿಲಂಗಳನ್ನೆಲ್ಲ ಕೆಂಪು ಬೆಳಕಿಗೆ ಎತ್ತಿ ಹಿಡಿದು ನೋಡಿದವಳು, ಇದು ದೊಡ್ಡದು, ಇದರಲ್ಲಿ ಕಲ್ಲು, ಇದು ಚೆನ್ನಾಗಿದೆ, ಆ ಹೊತ್ತಿನಲ್ಲೇ ತನ್ನೊಳಗೆ ಎರಡು ಆಗುತ್ತಿದ್ದವು, ಅರೆಬರೆ, ತಿಂಗಳು ಮುಂಚೆ ಹುಟ್ಟಿತು ಕೂಸು, ಹಿಡಿಯಷ್ಟು, ಹೆಣ್ಣಲ್ವಾ ಬದುಕುತ್ತೆ ಬಿಡು ಅಂದರು, ಬದುಕಿತು, ಓದಿತು, ಈಗ ಪಾರ್ಸೆಲ್ ಕಂಪನಿಯಲ್ಲಿ ಕೆಲಸ, ಬೆಳಿಗ್ಗೆ ಆಟೋದಲ್ಲಿ ಬರುವಾಗ ಎಷ್ಟು ಸಂಭ್ರಮದಿಂದ ಹೇಳಿತು ಅದು, ಅಮ್ಮಾ ಬಸುರಿ ಅಂತ ಗೊತ್ತಾದ ಕೂಡಲೇ ನಮ್ಮ ಮ್ಯಾನೇಜರು ನನ್ನನ್ನ ನೆಲಮಾಳಿಗೆಗೆ ಹಾಕಿದಾರೆ, ಕೂತು ಚೀಟಿ ಅಂಟಿಸೋ ಕೆಲಸ, ಕಿಟಕಿ ಇಲ್ಲ ಅಷ್ಟೇ, ಆರಾಮು, ಒಳ್ಳೇ ಮನುಷ್ಯ ಅಲ್ವಾ. ಆಟೋ ಗುಂಡಿಗೆ ಬಿತ್ತು, ತಾನು ಕಂಬಿ ಹಿಡಿದುಕೊಂಡಳು, ಆಗಲೇ ಇಳಿದು ಕೂಗಬೇಕಿತ್ತು, ಕಣ್ಣ ಮುಂದೆ ಬಂದದ್ದು ಮಾತ್ರ ಅದೊಂದೇ, ಡಾರ್ಕ್‌ರೂಮಿನ ಬಾಗಿಲು, ಬಾಗಿಲ ಕೆಳಗಿನ ಸಂದು, ಅಲ್ಲಿಂದ ನುಗ್ಗುವ ಬೆರಳಗಲದ ಬಿಸಿಲು, ಬೆಳಕು ಬಿದ್ದರೆ ಫಿಲಂ ಕೆಡುತ್ತೆ ಅಂತ ದಿನಾ ಮೊಣಕಾಲೂರಿ ಕರಿಬಟ್ಟೆ ಸುರುಳಿ ಸುತ್ತಿ ಆ ಸಂದಿಗೆ ತುರುಕುವ ಕೈ.

ಬಾಗಿಲು ತೆರೆಯಿತು. ಬನ್ನಿಯಮ್ಮಾ ಅಂತ ನರ್ಸು, ಕಾಲು ಏಳುತ್ತಿಲ್ಲ, ಆ ಸ್ಟೂಲಿನಿಂದ ಏಳದ ಹಾಗೇ, ಕುರ್ಚಿಯ ಕೈ ಒತ್ತಿ ಎದ್ದು, ಒಳಗೆ, ಪರದೆ ಎಳೆದಿದ್ದಾರೆ, ಮಂಚದ ಅಂಚಿಗೆ ಮಗಳು, ಮುಖ ಸುಣ್ಣ, ಡಾಕ್ಟರಮ್ಮನ ದನಿ ಮೆತ್ತಗೆ, ಎರಡೂ ಚಿಕ್ಕದೇ, ಹುಟ್ಟಿನಿಂದಲೇ ಇರಬೇಕು, ಹುಷಾರಾಗಿದ್ದರೆ ಹೆರಿಗೆ ತನಕ ತಲುಪಿಸೋಣ, ಆದರೆ ಇವರ ರಕ್ತದಲ್ಲೂ ಡಿ ವಿಟಮಿನ್ ತುಂಬಾ ಕೆಳಗಿದೆ, ಅದಕ್ಕೇ ಕೇಳ್ತಿದೀನಿ, ಅಮ್ಮಾ ನೀವು ಬಸುರಿ ಇದ್ದಾಗ ಬಿಸಿಲಿಗೆ ಹೋಗ್ತಿದ್ರಾ. ಹೋಗ್ತಿದ್ದೆ ಅಂದುಬಿಡು, ಮನೆಮಂದಿಯೆಲ್ಲ ಹೀಗೇ, ವಂಶದ್ದು ಅಂದುಬಿಡು, ಮಗಳು ನೋಡುತ್ತಿದೆ, ಅದರ ಕೈ ಹೊಟ್ಟೆಯ ಮೇಲಿದೆ, ನಾಲ್ಕು ತಿಂಗಳು, ಒಳಗಿನ ಕೂಸಿಗೂ ಇನ್ನೂ ಆಗುತ್ತಿರಬೇಕು, ಈಗ, ಈ ಕ್ಷಣ, ಒಂದೊಂದೇ ಜರಡಿ — ತಾನು ಇಲ್ಲ ಅಂದಳು. ಒಂದು ದಿನಾನೂ ಇಲ್ಲ. ಪ್ಲಾಸ್ಟಿಕ್ ಕವರಿನಿಂದ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟಳು, ಇವಳನ್ನೂ ಹಾಕಿದಾರೆ ಡಾಕ್ಟ್ರೇ, ನೆಲಮಾಳಿಗೆಗೆ, ಕಿಟಕಿ ಇಲ್ಲ, ಉಪಕಾರ ಅಂತ ಹಾಕಿದಾರೆ, ಬರೆದುಕೊಡಿ, ದೊಡ್ಡಕ್ಷರದಲ್ಲಿ ಬರೆದುಕೊಡಿ, ನಾನೇ ತಗೊಂಡು ಹೋಗ್ತೀನಿ, ಆ ಮ್ಯಾನೇಜರನ ಮೇಜಿನ ಮೇಲೆ ಕೂತ್ಕೋತೀನಿ, ಏಳಲ್ಲ. ಡಾಕ್ಟರಮ್ಮ ಪೆನ್ನು ತೆಗೆದಳು. ಮಗಳು ಹಳದಿಗಟ್ಟಿದ ಹಳೇ ಚೀಟಿಯ ಮೂರು ಸಾಲನ್ನು ಓದಿತು, ಮತ್ತೆ ಓದಿತು, ಬರೆದಿದಾರಲ್ಲಮ್ಮಾ, ಗೊತ್ತಿತ್ತಲ್ಲಮ್ಮಾ ನಿನಗೆ, ಯಾಕೆ ಹೊರಗೆ ಬರಲಿಲ್ಲ. ಯಾಕೆ ಅಂದರೆ — ಸೂಪರ್‌ವೈಸರ್, ಅಂದರೆ ಆಗ ನಿಮ್ಮಪ್ಪನಿಗೆ ಕೆಲಸ ಇರಲಿಲ್ಲ, ಅಂದರೆ ಭಯ, ಅಂದರೆ — ಏಳು ತಿಂಗಳ ಹೊಟ್ಟೆ ನೆಲಕ್ಕೆ ತಾಗುತ್ತಿದೆ, ಬಾಗಿಲ ಕೆಳಗೆ ಬೆರಳಗಲದ ಬಿಸಿಲು, ಬೆಚ್ಚಗೆ, ಬೆರಳ ಮೇಲೆ ಬೆಚ್ಚಗೆ, ಕರಿಬಟ್ಟೆ, ಕೈ, ತನ್ನದೇ ಕೈ, ತುರುಕುತ್ತಿದೆ, ತುರುಕುತ್ತಿದೆ, ತುರುಕು