ಚಿಪ್ಪಿನಲ್ಲಿ ಉಳಿದ ನೂಲು

ಶಾಲೆಯ ಗೇಟಿನ ಮೇಲೆ ‘ಹತ್ತನೇ ತರಗತಿ: ನೂರಕ್ಕೆ ನೂರು ಪಾಸು’ ಎಂಬ ಫಲಕವಿತ್ತು. ಪ್ರತಿ ವರ್ಷ ಅದಕ್ಕೆ ಹೊಸ ಬಣ್ಣ, ಅಂಕಿ ಮಾತ್ರ ಹಳೆಯದೇ. ಅದು ಹೇಗೆ ಬದಲಾಗದೆ ಉಳಿಯುತ್ತದೆ ಎಂಬುದು 2006ರಲ್ಲಿ ನಾನು ಅಲ್ಲಿ ಇಂಗ್ಲಿಷ್ ಟೀಚರಾಗಿ ಸೇರಿದ ಮೇಲೆ ಗೊತ್ತಾಯಿತು. ಪಾಸಾಗುವುದು ಅನುಮಾನ ಎನಿಸಿದ ಮಕ್ಕಳ ಹೆಸರನ್ನು ಪಬ್ಲಿಕ್ ಪರೀಕ್ಷೆಯ ಪಟ್ಟಿಯಿಂದ ಮೊದಲೇ ಬಿಟ್ಟುಬಿಡುತ್ತಿದ್ದರು. ‘ಪ್ರೈವೇಟಾಗಿ ಕಟ್ಟಿಕೊ’ ಎಂದು ಮನೆಗೆ ಕಳಿಸುತ್ತಿದ್ದರು. ಹಾಗೆ ಹೋದ ಹುಡುಗಿಯರು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕುಳಿತರೆ, ಮತ್ತೆ ಪುಸ್ತಕ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ.

ನಮ್ಮ ಮನೆ ತಮಿಳು ಸೀಮೆಯ ತುಡಿಯಲೂರಿನಲ್ಲಿ. ಅಪ್ಪ ಪಂಪಿನ ಕಾರ್ಖಾನೆಯ ಕೆಲಸಕ್ಕೆಂದು ಮಂಡ್ಯದಿಂದ ಇಲ್ಲಿಗೆ ಬಂದವರು. ನಾನು ಬಿ.ಎ. ಮುಗಿಸಿ, ಮೇಟ್ಟುಪಾಳ್ಯದ ಬಸ್ಸು ಹಿಡಿದು ಸಿರುಮುಗೈ ಕಡೆಯ ಆ ನೇಕಾರರ ಊರಿಗೆ ಹೋಗಿಬರುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ನನ್ನ ದನಿ ಕೇಳಿದವರು ಕಡಿಮೆ. ಹೇಳಬೇಕೆನಿಸಿದ್ದನ್ನು ಮನೆಗೆ ಬಂದು ಡೈರಿಯಲ್ಲಿ ಬರೆದರೆ ನನ್ನ ಪಾಲಿಗೆ ಆ ದಿನ ಮುಗಿಯುತ್ತಿತ್ತು.

ಹೆಡ್‌ಮಾಸ್ಟರ್ ಚೆನ್ನಕೇಶವನ್ ಜೂನಿನಲ್ಲೇ ಹತ್ತನೇ ತರಗತಿಯ ಹಿಂದಿನ ಬೆಂಚಿನ ಐವರನ್ನು ನನಗೆ ಒಪ್ಪಿಸಿದರು. “ಪೂಜೆ ರಜೆ ಮುಗಿಯೋವರೆಗೂ ಇಟ್ಕೊಳ್ಳಿ, ಭೂಮಿ ಟೀಚರ್. ಆಮೇಲೆ ಪಟ್ಟಿ ಹೋಗುತ್ತೆ. ಉದ್ಧಾರ ಆಗಿದ್ದಾರೆ ಅಂತ ಕಣ್ಣಿಗೆ ಕಾಣೋ ಹಾಗೆ ಏನಾದರೂ ತೋರಿಸಿ. ಕಥೆ ಹೇಳ್ಬೇಡಿ.” ಇದನ್ನು ಹೇಳಿದ್ದು ತಮಿಳಿನಲ್ಲಿ. ಅವರದೂ ನೇಕಾರ ಮನೆತನವೇ, ಊರಿನ ಮಿಕ್ಕ ನೇಕಾರರಂತೆ ಮನೆಯಲ್ಲಿ ಕನ್ನಡವೇ. ಶಾಲೆಯ ಗೇಟು ದಾಟಿ ಒಳಗೆ ಬಂದ ಮೇಲೆ ಮಾತ್ರ ತಮಿಳು ಬಿಟ್ಟು ಬೇರೆ ಆಡುತ್ತಿರಲಿಲ್ಲ.

ಐವರಲ್ಲಿ ಮಲ್ಲಿಗಾ ಎಂಬ ಹುಡುಗಿಯ ಓದು ಎಲ್ಲರಿಗಿಂತ ನಿಧಾನ. ಮಿಕ್ಕವರು ಗೊತ್ತಿಲ್ಲದ ಪದ ಬಂದರೆ ಗೊಣಗಿ ಮುಂದೆ ಹಾರುತ್ತಿದ್ದರು. ಇವಳು ಅಲ್ಲೇ ಬೆರಳಿಟ್ಟು ನಿಂತುಬಿಡುತ್ತಿದ್ದಳು.

“ಮುಂದೆ ಓದು ಮಲ್ಲಿಗಾ.”

“ನೂಲು ಕಿತ್ತೋಗೈತೆ ಟೀಚರ್. ಕಟ್ದೆ ಹೆಂಗೆ ನೇಯೋದು?”

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಮಾರನೆಯ ದಿನ ಅವಳಿಗೇ ಹೇಳಿ ಮನೆಯ ಮಗ್ಗದಡಿ ಬಿದ್ದ ನೂಲಿನ ತುಣುಕು ತರಿಸಿದೆ, ಕೆಂಪು, ಹಸಿರು. ಐವರಿಗೂ ಹಂಚಿದೆ. ಪದ ಗೊತ್ತಿಲ್ಲದಿದ್ದರೆ ಆ ಪುಟದ ಮೇಲಂಚಿಗೆ ಕೆಂಪು ನೂಲು, ಒಂದಿಷ್ಟು ಗಂಜಿ ಹಚ್ಚಿ. ಪದಗಳೆಲ್ಲ ಗೊತ್ತು, ಆದರೂ ಏನು ಹೇಳುತ್ತಿದೆಯೋ ಹೊಳೆಯದು ಎಂದಾದರೆ ಹಸಿರು. ಹೊಳೆದ ದಿನ ಆ ನೂಲನ್ನು ಕಿತ್ತು ಪುಟದ ಕೆಳಗಿನ ಅಂಚಿಗೆ ಹಚ್ಚಬೇಕು. ಆದರೆ ಹೊಳೆಯಿತು ಎಂದರೆ ಸಾಲದು. ‘ಎಲ್ಲಿ ಹೇಳಿದೆ?’ ಎಂದು ನಾನು ಕೇಳಿದರೆ ಸಾಲಿನ ಮೇಲೆ ಬೆರಳಿಡಬೇಕು.

ಮೊದಮೊದಲು ಮಲ್ಲಿಗಾಳ ಪುಸ್ತಕದ ತಲೆ ಪೊರಕೆಯಂತಿತ್ತು. ಗಣೇಶನ ಹಬ್ಬದ ಹೊತ್ತಿಗೆ ಅದಕ್ಕೆ ಗಡ್ಡ ಬೆಳೆದು, ತಲೆ ಬೋಳಾಗುತ್ತ ಬಂದಿತ್ತು. ಹೆಡ್‌ಮಾಸ್ಟರಿಗೆ ತೋರಿಸಲು ನನ್ನ ಬಳಿ ಇದ್ದದ್ದು ಅದೊಂದೇ. ಪರೀಕ್ಷೆಯ ಅಂಕಗಳಲ್ಲಿ ಅದಿನ್ನೂ ಕಾಣುತ್ತಿರಲಿಲ್ಲ.

ಸರಸ್ವತಿ ಪೂಜೆಯ ದಿನ ಮಲ್ಲಿಗಾಳ ತಾಯಿ ಅಕ್ಕಮ್ಮ ನನ್ನನ್ನು ಮನೆಗೆ ಕರೆದಿದ್ದರು. ಮಗ್ಗಕ್ಕೆ ಗಂಧ, ಕುಂಕುಮ, ಮೂಲೆಯಲ್ಲಿ ಬಾಳೆಕಂದು. ದೀಪದ ಮುಂದೆ ಪುಸ್ತಕಗಳ ರಾಶಿ. ಮೇಲೆ ಇಂಗ್ಲಿಷ್ ಪುಸ್ತಕ, ಹೊಸದರಂತೆ ನುಣ್ಣಗೆ.

“ನೋಡಿ ಟೀಚರಮ್ಮ,” ಅಕ್ಕಮ್ಮ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಹಿಗ್ಗಿನಿಂದ ಅಂದರು. “ಈ ಹೆಣ್ ಪುಳ್ಳೆ ಬುಕ್ಕು ತುಂಬ ನೂಲು ಕಸ ತುರುಕಿ ಇಟ್ಟಿದ್ಲು. ಸಾಮಿ ಮುಂದೆ ಕಸ ಇಡಕ್ಕಾಗ್ತದಾ? ಎಲ್ಲಾ ಕಿತ್ತು, ಒರೆಸಿ, ಸುದ್ದ ಮಾಡಿ ಇಟ್ಟಿವ್ನಿ.”

ನಾಲ್ಕು ತಿಂಗಳ ಓದು ಒಂದು ಒದ್ದೆ ಬಟ್ಟೆಗೆ ಹೋಗಿತ್ತು. ಕಡಲೆ ಸುಂಡಲಿನ ತಟ್ಟೆ ಹಿಡಿದು ಬಂದ ಮಲ್ಲಿಗಾ ಪುಸ್ತಕ ನೋಡಿದಳು, ತಾಯಿಯನ್ನು ನೋಡಿದಳು. ತಟ್ಟೆ ಕೆಳಗಿಟ್ಟು, ನೇರ ದೀಪದ ಮುಂದೆ ಹೋಗಿ ಪುಸ್ತಕ ಎಳೆದುಕೊಂಡಳು. ಮೇಲಿದ್ದ ಹೂವು ನೆಲಕ್ಕೆ ಬಿತ್ತು.

“ಏಯ್! ಇವತ್ತು ಬುಕ್ಕು ಮುಟ್ಬಾರ್ದು. ನಾಳೆ ಬೆಳಗ್ಗೆ ಪೂಜೆ ಆದ್ಮೇಲೇ.”

“ನಾಡಿದ್ದು ಸಾರ್‌ಗೆ ತೋರಿಸ್ಬೇಕು.”

“ಆಗ ನಾಳೆ ಓದು.”

“ನಾಳೆ ಒಂದು ದಿನಕ್ಕೆ ಮುಗಿಯಲ್ಲಮ್ಮ. ನಾನು ಎಷ್ಟು ನಿಧಾನ ಅಂತ ಊರಿಗೇ ಗೊತ್ತು.”

“ಸಾಮಿ ಕಣ್ಣು ಚುಚ್ಚುತ್ತೆ ಕಣೇ.”

“ನೀನು ಹಾಕಿರೋ ಪಾವನ್ನ, ಹಬ್ಬ ಅಂತ ಯಾರಾದ್ರೂ ಬಂದು ಅರ್ಧದಲ್ಲಿ ಕಿತ್ತು ಹಾಕಿದ್ರೆ, ನೀನು ಸಾಮಿ ಮುಂದೆ ಕೈಮುಗ್ದು ಕೂತಿರ್ತೀಯಾ?” ಪಾವು ಎಂದರೆ ಮಗ್ಗಕ್ಕೆ ಹೂಡಿದ ಹಾಸುನೂಲು, ಅದನ್ನು ಹೂಡುವ ಕಷ್ಟ ಅಕ್ಕಮ್ಮನಿಗೆ ಯಾರೂ ಹೇಳಬೇಕಿರಲಿಲ್ಲ.

ಅಕ್ಕಮ್ಮ ನನ್ನ ಕಡೆ ತಿರುಗಿದರು. “ನೀವೇ ಸೊಲ್ಲಿ ಟೀಚರಮ್ಮ. ಪಡಿಚ್ಚವರು ನೀವು.” ಓದಿದವರು ಹೇಳಿದರೆ ಮಗಳು ಕೇಳಿಯಾಳು ಎಂಬ ನಂಬಿಕೆ.

ನಮ್ಮ ಮನೆಯಲ್ಲೂ ಆ ದಿನ ಪುಸ್ತಕ ಮುಟ್ಟುವುದಿಲ್ಲ. ನಾನು ನನ್ನ ಡೈರಿಯನ್ನೂ ದೇವರ ಮುಂದಿಟ್ಟೇ ಬಂದಿದ್ದೆ. ಏನೂ ಹೇಳದೆ ಎದ್ದು ಬರಬಹುದಿತ್ತು, ಅದು ನನಗೆ ಚೆನ್ನಾಗಿ ಬರುವ ಕೆಲಸ. ಹಾಗೆ ಮಾಡಲಿಲ್ಲ. ಮಲ್ಲಿಗಾಳ ಪಕ್ಕ ನೆಲದ ಮೇಲೆ ಕುಳಿತೆ.

“ಮೊದಲ ಪಾಠದಿಂದ ಓದು,” ಎಂದೆ.

ಅಕ್ಕಮ್ಮ ಧಡಧಡ ಒಳಗೆ ಹೋದರು. ಪಾತ್ರೆಗಳು ಬೇಕೆಂದೇ ಸದ್ದು ಮಾಡಿದವು. ನಾವು ಓದಿದೆವು. ಎರಡನೆಯ ಪಾಠದಲ್ಲಿ ಅವಳು ಒಂದು ಕಡೆ ನಿಂತಳು. ನೂಲಿಗಾಗಿ ಅತ್ತಿತ್ತ ನೋಡಿದಳು. ಆ ದಿನ ಮಗ್ಗದಿಂದ ನೂಲು ಕತ್ತರಿಸುವಂತಿಲ್ಲ. ಆಗ ಅಕ್ಕಮ್ಮ ಬಂದು ನಮ್ಮ ನಡುವೆ ಒಂದು ತೆಂಗಿನ ಚಿಪ್ಪು ಕುಕ್ಕಿದರು. ಅದರ ತುಂಬ ಕೆಂಪು, ಹಸಿರು ತುಣುಕುಗಳು.

“ನೂಲು ಎಸೆಯೋ ಮನೆಯಾ ಇದು?” ಅಂದರು, ಯಾರ ಮುಖವನ್ನೂ ನೋಡದೆ. “ಬೇಕಾದ್ದು ತಕ್ಕೊಳ್ಳಿ. ಪಾಪ ನಿಮಗೇ.”

ದೀಪಕ್ಕೆ ಎರಡನೆಯ ಸಲ ಎಣ್ಣೆ ಹಾಕುವ ಹೊತ್ತಿಗೆ, ಅವಳು ಅಂದುಕೊಂಡದ್ದಕ್ಕಿಂತ ಬೇಗ, ಪುಸ್ತಕ ಮುಗಿದಿತ್ತು. ಮೇಲಂಚಿನಲ್ಲಿ ಅಲ್ಲೊಂದು ಇಲ್ಲೊಂದು ನೂಲು. ಮಿಕ್ಕ ಕಡೆ ನೂಲು ಬೇಕಾಗದೆ ಚಿಪ್ಪು ಹೆಚ್ಚುಕಡಿಮೆ ತುಂಬಿಯೇ ಇತ್ತು. ಮಲ್ಲಿಗಾ ಅದನ್ನು ಕೈಗೆತ್ತಿಕೊಂಡು ನೋಡಿದಳು. ಆಮೇಲೆ, “ಟೀಚರ್, ಇದನ್ನೂ ತಕ್ಕೊಂಡು ಹೋಗೋಣ,” ಎಂದಳು.

ರಜೆ ಮುಗಿದ ಬೆಳಿಗ್ಗೆ ಹೆಡ್‌ಮಾಸ್ಟರರ ಮೇಜಿನ ಮೇಲೆ ಪಟ್ಟಿ ಇತ್ತು, ಪಕ್ಕದಲ್ಲಿ ಗುಮಾಸ್ತ ವೆಲ್ಲಿಂಗಿರಿ ಪೆನ್ನು ಹಿಡಿದು ನಿಂತಿದ್ದ. ಮಿಕ್ಕ ನಾಲ್ವರು ತಮ್ಮ ಪುಸ್ತಕ ಹಿಡಿದು ಹೊರಗಿನ ಬೆಂಚಿನಲ್ಲಿ ಕಾದಿದ್ದರು. ಮಲ್ಲಿಗಾ ಪುಸ್ತಕ ಇಟ್ಟಳು, ಚಿಪ್ಪು ಇಟ್ಟಳು.

“ಏನಮ್ಮಾ ಇದು, ಕಸ?”

“ಜೂನಿಂದ ನನಗೆ ಅರ್ಥ ಆಗ್ದೇ ಇದ್ದಿದ್ದು ಇದ್ರಲ್ಲಿದೆ ಸಾರ್,” ಮಲ್ಲಿಗಾ ಚಿಪ್ಪು ತೋರಿಸಿದಳು. “ಇನ್ನೂ ಅರ್ಥ ಆಗ್ದೇ ಇರೋದು ಪುಸ್ತಕದಲ್ಲಿದೆ.”

ವೆಲ್ಲಿಂಗಿರಿ ಚಿಪ್ಪಿನೊಳಗೆ ಬಗ್ಗಿ ನೋಡಿದ. ಹೆಡ್‌ಮಾಸ್ಟರ್ ನೂಲಿಲ್ಲದ ಒಂದು ಪುಟ ಬಿಡಿಸಿದರು. ಅಂಬಿಗನ ಪಾಠ. ಹೊಳೆ ತುಂಬಿದೆ, ವ್ಯಾಪಾರಿ ಬೆಳ್ಳಿ ನಾಣ್ಯ ತೋರಿಸಿ ದಾಟಿಸು ಎನ್ನುತ್ತಾನೆ, ಅಂಬಿಗ ಒಪ್ಪುವುದಿಲ್ಲ.

“ಅಂಬಿಗ ಯಾಕೆ ಒಪ್ಪಲಿಲ್ಲ?”

ಮಲ್ಲಿಗಾ ಪುಟದ ಮೇಲೆ ಬೆರಳಿಟ್ಟಳು. “ನೀರಿನ ಬಣ್ಣ ನೋಡಿದ. ದೋಣಿಗೆ ಇನ್ನೊಂದು ಗಂಟು ಹಾಕಿದ. ಹುಟ್ಟು ತಕ್ಕೊಂಡು ಹೋಗಿ ಸೂರಿಗೆ ಸಿಕ್ಕಿಸಿದ. ಅವನಿಗೆ ಹೊಳೆ ಗೊತ್ತಿತ್ತು ಸಾರ್, ಅದಕ್ಕೆ.”

“ತಪ್ಪು. ಅವನಿಗೆ ಭಯ. ಗೈಡಲ್ಲಿ ಹಾಗೇ ಇದೆ. ಎಲ್ಲರೂ ಬಾಯಿಪಾಠ ಮಾಡಿದ್ದಾರೆ.”

“ಎಲ್ಲಿ ಹೇಳಿದೆ ಸಾರ್?”

ಅವಳು ಎದುರಾಡಿದ್ದಲ್ಲ. ನಾನು ದಿನಾ ಕೇಳುತ್ತಿದ್ದ ಪ್ರಶ್ನೆಯನ್ನೇ, ನಾನು ಕೇಳುವಷ್ಟೇ ಮೆಲ್ಲಗೆ ಕೇಳಿದಳು.

“ಪರೀಕ್ಷೆಯಲ್ಲಿ ಭಯ ಅಂತ ಬರೀತೀನಿ ಅನ್ನು,” ಹೆಡ್‌ಮಾಸ್ಟರ್ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಈಗಲೇ ಹೆಸರು ಸೇರಿಸ್ತೀನಿ.”

ಒಂದು ಪದ ಹೇಳಿದರೆ ಮುಗಿಯುತ್ತಿತ್ತು. ಹೇಳಿಬಿಡು ಎಂದು ನನ್ನೊಳಗೇ ಯಾರೋ ಅಂದರು. ಮಲ್ಲಿಗಾಳ ಬೆರಳು ಪುಟ ಬಿಟ್ಟು ಏಳಲಿಲ್ಲ.

“ಆ ಸಾಲು ತೋರಿಸಿ ಸಾರ್, ಬರೀತೀನಿ.”

“ನೀವಾದರೂ ಹೇಳ್ರೀ ಟೀಚರ್.”

ಮಲ್ಲಿಗಾಳ ಪಕ್ಕಕ್ಕೆ ಬಂದು ನಿಂತೆ. “ಅವಳು ಕೇಳಿದ್ದು ಸರಿ ಇದೆ ಸಾರ್. ಸಾಲು ಇದ್ದರೆ ತೋರಿಸಿ. ಇಲ್ಲದಿದ್ದರೆ ಹೆಸರು ಸೇರಿಸಿ. ಎರಡರಲ್ಲಿ ಒಂದು ಆಗೋವರೆಗೂ ನಾವು ಇಲ್ಲೇ ಇರ್ತೀವಿ.” ತಮಿಳಿನಲ್ಲಿ ಆಡಬೇಕಿತ್ತು. ಕನ್ನಡದಲ್ಲಿ ಆಡಿಬಿಟ್ಟಿದ್ದೆ.

ಅವರು ಕನ್ನಡಕ ಹಾಕಿಕೊಂಡು ಪುಸ್ತಕ ಎತ್ತಿಕೊಂಡರು. ಓದಿದರು. ಪುಟ ತಿರುಗಿಸಿ, ಮತ್ತೆ ಹಿಂದಕ್ಕೆ ಬಂದರು. ಹೊರಗೆ ಪ್ರಾರ್ಥನೆಯ ಗಂಟೆ ಹೊಡೆಯಿತು. ಅವರು ಏಳಲಿಲ್ಲ.

“ಹೆಸರು ಬರ್ಕೋ ವೆಲ್ಲಿಂಗಿರಿ,” ಎಂದರು ಕೊನೆಗೆ, ಪುಸ್ತಕ ಕೆಳಗಿಡುತ್ತ. ಆ ಕೋಣೆಯಲ್ಲಿ ಅವರ ಬಾಯಿಂದ ಕನ್ನಡ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಗೈಡು ತಪ್ಪು ಅಂತ ನಾನೇನೂ ಸೊಲ್ಲಿಲ್ಲ.”

ಮಲ್ಲಿಗಾ ಚಿಪ್ಪಿನಿಂದ ಒಂದು ತುಣುಕು ಆರಿಸಿ ಅಂಬಿಗನ ಪುಟದ ಮೇಲಂಚಿಗೆ ಹಿಡಿದಳು. “ನಿಮ್ಮದೊಂದು ಹಸಿರು ಇಲ್ಲಿ ಇಡ್ಲಾ ಸಾರ್? ಸಾಲು ಸಿಕ್ಕಿದ ದಿನ ಕೆಳಗೆ ಹಚ್ಚೋಣ.”

ವೆಲ್ಲಿಂಗಿರಿ ಕೆಮ್ಮಿ ನಗು ನುಂಗಿಕೊಂಡ. ಹೆಡ್‌ಮಾಸ್ಟರ್ ಪಟ್ಟಿ ಮಡಚಲು ಕೈಹಾಕಿದರು.

“ಮಡಚಬೇಡಿ ಸಾರ್,” ಎಂದೆ. “ಇನ್ನೂ ನಾಲ್ಕು ಜನ ಇದ್ದಾರೆ.”

ನನ್ನ ದನಿ ಬಾಗಿಲಾಚೆಗೂ ಕೇಳಿಸಿರಬೇಕು. ಹೊರಗಿನ ಬೆಂಚಿನಿಂದ ನಾಲ್ವರೂ ಎದ್ದ ಸದ್ದಾಯಿತು.