ಸೋರಿಕೆ ಕೇಳುವ ಕೋಲು

ಬಂದವರೆಲ್ಲ ಹೊರಟುಹೋದ ಮರುದಿನ, ಬೆಳಗ್ಗೆ ಏಳಕ್ಕೆ ಐದು ನಿಮಿಷ ಇರುವಾಗ, ಮಗಳಿಗೆ ಸ್ವೆಟರು ತೊಡಿಸಿ ಬಾಗಿಲ ಬಳಿ ನಿಂತೆ. ಹೆಗಲಲ್ಲಿ ಚೀಲ, ಚೀಲದಲ್ಲಿ ಊಟದ ಡಬ್ಬಿ, ಕಾಲಲ್ಲಿ ಚಪ್ಪಲಿ. ಮೆಟ್ಟಿಲ ಮೇಲೆ ಸೈಕಲ್ಲು ಎತ್ತಿಕೊಂಡು ಬರುವ ಸದ್ದಿಗೆ ಕಾಯುತ್ತಿದ್ದೇನೆ ಎಂದು ನನಗೇ ಗೊತ್ತಾಗುವ ಹೊತ್ತಿಗೆ ಏಳೂಕಾಲು ಆಗಿತ್ತು.

ಮೂರು ವರ್ಷ ನಮ್ಮ ಮನೆಯಲ್ಲಿ ಮಗು ಕೈ ಬದಲಾಗುತ್ತಿದ್ದದ್ದು ಆ ಹೊಸ್ತಿಲಲ್ಲೇ. ನನ್ನ ಗಂಡನದು ರಾತ್ರಿ ಕೆಲಸ. ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ಹುಡುಕುತ್ತಿದ್ದರು. ಊರು ಮಲಗಿದ ಮೇಲೆ ರಸ್ತೆಯಡಿಯ ಪೈಪುಗಳಿಗೆ ಕಿವಿಕೊಟ್ಟು, ನೀರು ಎಲ್ಲಿ ಪೋಲಾಗುತ್ತಿದೆ ಎಂದು ಹೇಳುವ ಕಸುಬು. ನನ್ನದು ಹಗಲು. ಹಾಲಿನ ಡೇರಿಯ ಲ್ಯಾಬಿನಲ್ಲಿ, ಟ್ಯಾಂಕರಿನಿಂದ ಬಂದ ಸ್ಯಾಂಪಲ್ಲುಗಳ ಜಿಡ್ಡು, ಹುಳಿ, ನೀರಿನ ಬೆರಕೆ ನೋಡಿ ಅಂಕಿ ಬರೆಯುವುದು. ಇಬ್ಬರೂ ನೀರು ಹುಡುಕುವವರೇ, ನೀನು ಹಾಲಲ್ಲಿ, ನಾನು ಮಣ್ಣಲ್ಲಿ ಎಂದು ಅವರು ನಗುತ್ತಿದ್ದರು. ಅವರು ಒಳಗೆ ಬರುತ್ತಿದ್ದರು, ನಾನು ಹೊರಗೆ ಹೋಗುತ್ತಿದ್ದೆ. ಮಗು ನನ್ನ ಸೊಂಟದಿಂದ ಅವರ ಸೊಂಟಕ್ಕೆ ದಾಟುತ್ತಿತ್ತು. ನಡುವೆ ಹಾಲು ಕುಡಿದಿದೆ, ಕೆಮ್ಮಿದೆ, ಬನಿಯನ್ನು ಒಣಗಿಲ್ಲ ಎಂಬಷ್ಟು ಮಾತು. ಒಂದು ಬೆಳಗಿನ ಜಾವ ಮನೆಗೆ ಬರುವ ದಾರಿಯಲ್ಲಿ ಸೈಕಲ್ಲು ನಿಲ್ಲಿಸಿ, ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವರು ಏಳಲಿಲ್ಲ.

ಈಗ ಮಗಳು ಬಾಗಿಲ ಹಿಂದಿನಿಂದ ಅವರು ಸೋರಿಕೆ ಕೇಳುತ್ತಿದ್ದ ಕೋಲು ಎಳೆದು ತಂದಳು. ಅವಳಿಗಿಂತ ಉದ್ದ. ತುದಿಗೆ ಹಿತ್ತಾಳೆ, ಮೇಲೆ ಕಿವಿಗೆ ಒತ್ತಿಕೊಳ್ಳಲು ಮರದ ಬಟ್ಟಲು. ಹಿತ್ತಾಳೆಯನ್ನು ನೆಲಕ್ಕೆ ಊರಿ, ನನ್ನ ಕಡೆ ನೋಡಿ, ಬಲಗೈ ಎತ್ತಿದಳು. ಹೊತ್ತಾಯಿತು ಬಾ ಎಂದು ನಾನು ಹೇಳುತ್ತಿದ್ದಂತೆ ಬಳಿಗೆ ಬಂದು ನನ್ನ ಬಾಯಿಯ ಮೇಲೆ ಅಂಗೈ ಇಟ್ಟಳು. ಕೈ ಸರಿಸಿ, ಕೋಲು ಕಸಿದು ಬಾಗಿಲ ಹಿಂದೆ ಇಟ್ಟು, ಅವಳನ್ನು ಎತ್ತಿಕೊಂಡು ಮೆಟ್ಟಿಲು ಇಳಿದೆ.

ಶಿಶುವಿಹಾರದಲ್ಲಿ ಅವಳು ಮೊದಲು ಹನ್ನೆರಡರವರೆಗೆ ಮಾತ್ರ ಇರುತ್ತಿದ್ದಳು. ಅಷ್ಟರಲ್ಲಿ ಅವರು ಒಂದು ನಿದ್ದೆ ಮುಗಿಸಿ ಕರೆತರುತ್ತಿದ್ದರು. ಇನ್ನು ಸಂಜೆ ಐದರವರೆಗೆ ಇಟ್ಟುಕೊಳ್ಳುತ್ತೇವೆ ಎಂದು ಟೀಚರು ತಾವಾಗಿಯೇ ಹೇಳಿದ್ದರು. ಆ ದಿನ ಟೀಚರು ನನ್ನನ್ನು ಗೇಟಿನ ಒಳಗೆ ಕರೆದು, ಪುಟ್ಟ ಕುರ್ಚಿಯಲ್ಲಿ ಕೂರಿಸಿದರು. ನನ್ನ ಮಂಡಿ ಎದೆಗೆ ತಾಗುತ್ತಿತ್ತು.

"ಈ ಹೊತ್ತಲ್ಲಿ ಹೇಳಬಾರದು. ಹೇಳದೇ ಇರೋಕೂ ಆಗಲ್ಲ" ಎಂದರು.

ಅವರು ಹೇಳಿದ್ದರ ಸಾರ ಇಷ್ಟು. ಮಗುವಿಗೆ ಮೂರು ತುಂಬಿ ನಾಲ್ಕು ತಿಂಗಳಾಯಿತು, ಇಲ್ಲಿ ಒಂದು ಪೂರಾ ವಾಕ್ಯ ಆಡಿಲ್ಲ. ಕುರ್ಚಿ ಹತ್ತಿ ಫ್ಯಾನು ಆರಿಸುತ್ತಾಳೆ. ಮಕ್ಕಳು ಹಾಡುವಾಗ ಒಬ್ಬೊಬ್ಬರ ಬಾಯಿ ಮುಚ್ಚುತ್ತಾ ಹೋಗುತ್ತಾಳೆ. ಎರಡು ಮಕ್ಕಳ ಮನೆಯವರು ದೂರು ಕೊಟ್ಟಿದ್ದಾರೆ. ಕಿವಿ ಸರಿಯಾಗಿದೆ ಎಂದು ಡಾಕ್ಟರು ಬರೆದುಕೊಟ್ಟದ್ದು ಫೈಲಿನಲ್ಲಿದೆ, ಅಂದಮೇಲೆ ತೊಂದರೆ ಬೇರೆಯೇ ಇರಬೇಕು. ಶನಿವಾರ ದೊಡ್ಡ ಟೀಚರು ತೀರ್ಮಾನ ಮಾಡುತ್ತಾರೆ. ಇಲ್ಲೇ ಇರಬಹುದು, ಇಲ್ಲವಾದರೆ ಊರಾಚೆ ಇಂಥ ಮಕ್ಕಳಿಗೆಂದೇ ಒಂದು ಶಾಲೆ ಇದೆ. ಒಳ್ಳೆಯ ಶಾಲೆ, ಆದರೆ ಹನ್ನೊಂದೂವರೆಗೆ ಬಿಟ್ಟುಬಿಡುತ್ತಾರೆ.

ಹನ್ನೊಂದೂವರೆಗೆ ಎಂದರೆ ನನ್ನ ಕೆಲಸ ಹೋದ ಹಾಗೆ. ಮಗುವನ್ನು ಇಟ್ಟುಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಅದು ಟೀಚರಿಗೆ ಗೊತ್ತಿತ್ತು.

"ಪ್ರಗತಿ ಪುಸ್ತಕ ಈ ಸಲ ನೀವೇ ಬರೀರಿ. ಮನೇಲಿ ಹೇಗಿರ್ತಾಳೆ, ಏನು ಮಾತಾಡ್ತಾಳೆ, ಏನಿಷ್ಟ, ಇದ್ದದ್ದು ಇದ್ದ ಹಾಗೆ. ಅದನ್ನ ನೋಡೇ ದೊಡ್ಡ ಟೀಚರು ಹೇಳೋದು. ಮತ್ತೆ, ಜಾಸ್ತಿ ಮಾತಾಡಿಸಿ ಅವಳನ್ನ. ನೀವು ಸ್ವಲ್ಪ ಕಮ್ಮಿ ಮಾತಿನವರು."

ಮಗುವಿನ ಅಪ್ಪನೂ ಅದನ್ನೇ ಹೇಳುತ್ತಿದ್ದರು. ಕಿವಿ ನನ್ನದು ಬಂದಿದೆ, ಬಾಯಿ ನಿನ್ನದು ಬಂದಿದೆ, ಇನ್ನು ಮಗು ಭಾಷಣ ಮಾಡುತ್ತಾ ಎಂದು.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ತೆರೆದೆ. ತಿಂಗಳಿಗೊಂದು ಹಾಳೆ, ಹಾಳೆಗೆ ನಾಲ್ಕು ಪ್ರಶ್ನೆ. ಎಂಟು ತಿಂಗಳು ಅವಳ ಅಪ್ಪನೇ ತುಂಬಿದ್ದರು. ಕೆಳಗೆ ತಾಯಿಯ ಸಹಿ ಎಂಬಲ್ಲಿ ಎಂಟು ಸಲ ನನ್ನ ಸಹಿ. ಎಲ್ಲಿ ಎಂದು ಕೇಳಿ, ಬೆರಳು ತೋರಿಸಿದಲ್ಲಿ ಸಹಿ ಹಾಕಿ ಓಡುತ್ತಿದ್ದೆ. ಓದಿರಲಿಲ್ಲ.

"ಊಟ ನಿದ್ದೆ: ಪರವಾಗಿಲ್ಲ. ಹೊಸದಾಗಿ ಕಲಿತದ್ದು: ಒಂಟಿ ಕಾಲಲ್ಲಿ ನಿಲ್ಲುವುದು, ಮೂರು ಎಣಿಸುವ ತನಕ. ಮಾತು: ಬೇಕಾದಷ್ಟು. ಇಷ್ಟ: ಪೈಪು."

ಮುಂದಿನ ತಿಂಗಳು: "ಇಷ್ಟ: ಪೈಪು, ಗೋಡೆ." ಅದರ ಮುಂದಿನದು: "ಪೈಪು, ಗೋಡೆ, ಹೊಟ್ಟೆ (ನನ್ನದು, ಊಟದ ನಂತರ)." ಮಾತು ಎಂಬಲ್ಲಿ ಎಲ್ಲ ತಿಂಗಳೂ ಬೇಕಾದಷ್ಟು, ಬೇಕಾದಷ್ಟು. ಪ್ರತಿಯೊಂದರ ಪಕ್ಕದಲ್ಲೂ ಟೀಚರು ಕೆಂಪು ಶಾಯಿಯಲ್ಲಿ ಪ್ರಶ್ನೆಯ ಗುರುತು ಹಾಕಿದ್ದರು. ಮಗುವಿನ ಮೇಲಿನ ಆಸೆಗೆ ಸುಳ್ಳು ಬರೆದಿದ್ದಾರೆ ಎಂದುಕೊಂಡೆ. ಬೇಸರವಾಗಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಆಗುತ್ತಿರಲಿಲ್ಲ. ಅನ್ನಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ ತಿಂದ ಮೇಲೂ ತಿಳಿಯುತ್ತಿರಲಿಲ್ಲ.

ಸುಳ್ಳು ಬರೆಯಲು ನನಗೆ ಬರುವುದಿಲ್ಲ. ಲ್ಯಾಬಿನಲ್ಲಿ ಮಾಡುವಂತೆ ನೋಡಿ ಬರೆಯೋಣವೆಂದು ಮೂರು ಸಂಜೆ ಮಗಳನ್ನು ನೋಡಿದೆ. ಮನೆಗೆ ಬಂದ ಕೂಡಲೇ ಅವಳು ಸ್ಟೂಲು ಎಳೆದು ಫ್ಯಾನು ಆರಿಸುತ್ತಾಳೆ. ಆಮೇಲೆ ಫ್ರಿಜ್ಜಿನ ಸ್ವಿಚ್ಚು. ತೊಟ್ಟಿಕ್ಕುವ ನಲ್ಲಿಯನ್ನು ಎರಡೂ ಕೈಯಿಂದ ತಿರುಗಿಸಿ ಬಿಗಿ ಮಾಡುತ್ತಾಳೆ. ಕೋಲು ತಂದು, ಕೈ ಎತ್ತಿ, ನನ್ನನ್ನು ನೋಡುತ್ತಾಳೆ. ಟೀಚರು ಹೇಳಿದ್ದು ನೆನಪಾಗಿ ನಾನು ಮಾತಾಡಿಸುತ್ತೇನೆ. ಏನು ಕಂದ, ಹಸಿವಾ, ನಿದ್ದೇನಾ, ಇದೇನು ಹೇಳು, ಕೋಲು, ಕೋ ಲು. ಇಷ್ಟು ಮಾತು ನಾನು ಒಂದು ತಿಂಗಳಲ್ಲಿ ಆಡಿದವಳಲ್ಲ. ಅವಳು ಬಂದು ನನ್ನ ಬಾಯಿ ಮುಚ್ಚುತ್ತಾಳೆ. ಕೈ ಸರಿಸಿ ಮತ್ತೆ ಮಾತಾಡಿಸುತ್ತೇನೆ. ಕೊನೆಗೆ ಕೋಲು ತೆಗೆದುಕೊಂಡು ಬಾಗಿಲ ಹಿಂದಿನ ಮೂಲೆಗೆ ಹೋಗಿ, ನನಗೆ ಬೆನ್ನು ಹಾಕಿ ಕೂರುತ್ತಾಳೆ. ನಾನು ಮೇಜಿನ ಬಳಿ ಕೂರುತ್ತೇನೆ. ಎರಡು ಕೋಣೆಯ ಮನೆ ಅಷ್ಟು ದೊಡ್ಡದಿದೆ ಎಂದು ಮೊದಲು ಗೊತ್ತಿರಲಿಲ್ಲ.

ಮೂರನೆಯ ಸಂಜೆ ಬರೆದೆ: "ಮಗುವಿಗೆ ಸದ್ದು ಆಗುವುದಿಲ್ಲ. ನನ್ನ ದನಿಯೂ ಆಗುವುದಿಲ್ಲ. ಮಾತು ಇಲ್ಲ." ಇಷ್ಟ ಎಂಬುದನ್ನು ಖಾಲಿ ಬಿಟ್ಟೆ.

ಮರುದಿನ ಲ್ಯಾಬಿಗೆ ಫೋನು ಬಂತು. ಅವರ ತಂಡದ ಮೇಸ್ತ್ರಿ. ಮನೆಗೆ ಬಂದು ಹೋದವರಲ್ಲಿ ಇವರೂ ಇದ್ದರು, ಮೂಲೆಯಲ್ಲಿ ಟೋಪಿ ಹಿಡಿದು ನಿಂತಿದ್ದ ಮುದುಕ. ಹೇಗಿದ್ದೀಯಮ್ಮ ಎಂದು ಎರಡು ಸಲ ಕೇಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಅವನ ಕೋಲು ಸೀಳಿಹೋಗಿತ್ತು. ನನ್ನದು ಎರವಲು ತಗೊಂಡಿದ್ದ. ಕೇಳೋಕೆ ನಾಲಿಗೆ ಬರಲ್ಲ ನೋಡು. ಸೋಮವಾರ ಹೊಸಬ ಬರ್ತಾನೆ ಆ ಜಾಗಕ್ಕೆ. ಅವನ ಕೈಗೆ ಏನಾದರೂ ಕೊಡಬೇಕಲ್ಲ."

ಆ ಜಾಗಕ್ಕೆ ಎಂದದ್ದು ತಪ್ಪಾಯಿತೇನೋ ಎಂಬಂತೆ, ಹೇಗಿದ್ದೀಯಮ್ಮ ಎಂದು ಮೂರನೆಯ ಸಲ ಕೇಳಿದರು. ಶುಕ್ರವಾರ ತಂದುಕೊಡುತ್ತೇನೆ ಎಂದೆ.

ಶುಕ್ರವಾರ ಅರ್ಧ ದಿನ ರಜೆ ಹಾಕಿ, ಮಗಳನ್ನೂ ಕೋಲನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ಮರುದಿನ ಕೊಡಬೇಕಾದ ಪುಸ್ತಕ ಚೀಲದಲ್ಲೇ ಇತ್ತು. ನೀರು ಕಚೇರಿಯ ಹಿಂದಿನ ಅಂಗಳಕ್ಕೆ ನಾನು ಹೋದದ್ದು ಅದೇ ಮೊದಲು. ಒಂದು ಕಡೆ ಪೈಪುಗಳ ರಾಶಿ. ಇಬ್ಬರು ಪೈಪು ಕೊಯ್ಯುತ್ತಿದ್ದರು. ಶೆಡ್ಡಿನೊಳಗೆ ಪಂಪು ಗುಡುಗುಡು ಎನ್ನುತ್ತಿತ್ತು. ಯಾರೋ ನಲ್ಲಿಯ ಕೆಳಗೆ ಬಕೆಟ್ಟು ಇಟ್ಟಿದ್ದರು. ಮೇಸ್ತ್ರಿ ಎದ್ದು ಬಂದರು. ನನ್ನನ್ನಲ್ಲ, ಮಗಳನ್ನು ನೋಡಿ, "ಓಹೋ, ಸಾಹೇಬರು ಬಂದರು" ಎಂದರು.

ಅವಳು ನನ್ನ ಕೈ ಬಿಟ್ಟಳು. ಕೋಲು ಎಳೆದುಕೊಂಡು ಅಂಗಳದ ನಡುವಿನ ದೊಡ್ಡ ವಾಲ್ವಿನ ಬಳಿಗೆ ಹೋದಳು. ಹಿತ್ತಾಳೆಯನ್ನು ಅದರ ಮೇಲೆ ಊರಿದಳು. ಬಲಗೈ ಎತ್ತಿದಳು.

ಗರಗಸ ನಿಂತಿತು. ನಲ್ಲಿ ನಿಂತಿತು. ಒಬ್ಬ ಶೆಡ್ಡಿನ ಒಳಗೆ ಓಡಿದ, ಪಂಪು ಒಂದೆರಡು ಸಲ ಕೆಮ್ಮಿ ಸುಮ್ಮನಾಯಿತು. ಐದು ಜನ ಗಂಡಸರು ಇದ್ದಲ್ಲೇ ನಿಂತರು. ಒಬ್ಬನ ಕೈಯಲ್ಲಿ ಚಹಾದ ಲೋಟ ಬಾಯಿಯ ಹತ್ತಿರ ಹೋಗಿ ಅಲ್ಲೇ ಉಳಿಯಿತು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಮೇಸ್ತ್ರಿ ತಮ್ಮ ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದರು.

ಮಗಳು ಬಟ್ಟಲಿಗೆ ಕಿವಿ ಒತ್ತಿ, ಕಣ್ಣು ಮುಚ್ಚಿದಳು. ಲ್ಯಾಬಿನ ಅಭ್ಯಾಸಬಲದಿಂದ ನಾನು ಎಣಿಸುತ್ತಿದ್ದೆ. ಇಪ್ಪತ್ತು. ಮೂವತ್ತು. ನಲವತ್ತೊಂದಕ್ಕೆ ತಲೆ ಎತ್ತಿದಳು.

"ಇಲ್ಲಿ ನೀರು ನಿಂತಿದೆ ಮೇಸ್ತ್ರಿ ತಾತ. ಆ ಕಡೆ ಹೋಗ್ತಾ ಇದೆ, ಸಣ್ಣಗೆ. ಸೋರ್ತಾ ಇಲ್ಲ. ಅಪ್ಪ ಬರ್ಕೊಳ್ಳಲಿ."

ಸ್ವಲ್ಪ ತೊದಲು, ಆದರೆ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿಸಿತು. ಗಂಡಸರು ನೆಲ ನೋಡಿದರು. ಚಹಾದವನು ಲೋಟ ಕೆಳಗಿಟ್ಟ.

ಪೈಪಿನ ರಾಶಿಯ ಅಂಚಿನಲ್ಲಿ ಕೂತೆ. ಅವಳು ಹೀಗೆ ಮಾತಾಡುತ್ತಾಳೆಯೇ ಎಂದು ಮೇಸ್ತ್ರಿಯನ್ನು ಕೇಳಿದೆ. ನನ್ನ ಮಗಳ ಬಗ್ಗೆ ನಾನು ಬೇರೆಯವರನ್ನು ಕೇಳುತ್ತಿದ್ದೆ.

ಅವರು ನಿಧಾನವಾಗಿ ವಿವರಿಸಿದರು. ವಾರದಲ್ಲಿ ಎರಡು ಮಧ್ಯಾಹ್ನ ನನ್ನ ಗಂಡ ಮಗುವನ್ನು ಇಲ್ಲಿಗೆ ತರುತ್ತಿದ್ದರಂತೆ. ಕೇಳುವವನು ಕೈ ಎತ್ತಿದರೆ ಸುತ್ತ ಇದ್ದವರು ಎಲ್ಲ ಸದ್ದು ನಿಲ್ಲಿಸಬೇಕು, ಅದು ಈ ಕೆಲಸದ ಮೊದಲ ಪಾಠ. ಕೇಳಿ ಮುಗಿದ ಮೇಲೆ ಕೇಳಿದ್ದನ್ನು ಹೇಳಬೇಕು, ಅದು ಎರಡನೆಯದು. ಒಬ್ಬ ಬರೆದುಕೊಳ್ಳಬೇಕು. ನಡುವೆ ಯಾರಾದರೂ ಬಾಯಿಬಿಟ್ಟರೆ ಎಲ್ಲ ಮೊದಲಿನಿಂದ.

"ಮೊದಲು ಸುಮ್ಮನಿರೋದು, ಆಮೇಲೆ ಹೇಳೋದು. ಹಂಗೆ ಕಲಿಸಿಬಿಟ್ಟಿದ್ದಾನೆ. ನಮ್ಮವರಿಗೇ ಇಷ್ಟು ಶಿಸ್ತಿಲ್ಲ. ಮನೇಲಿ ಮಾಡಲ್ವಾ ಇದನ್ನ?"

"ಮಾಡ್ತಾಳೆ. ನಾನು ಸುಮ್ಮನಿರಲಿಲ್ಲ" ಎಂದೆ.

ಕೈ ಎತ್ತಿದ್ದಳು, ಫ್ಯಾನು ಆರಿಸಿದ್ದಳು, ಬಾಯಿ ಮುಚ್ಚಿದ್ದಳು. ಶಿಶುವಿಹಾರದಲ್ಲಿ ಇಪ್ಪತ್ತು ಮಕ್ಕಳ ಬಾಯಿ ಮುಚ್ಚಲು ಒಬ್ಬಳೇ ಹೆಣಗಿದ್ದಳು. ನಲವತ್ತೊಂದು ಎಣಿಸುವಷ್ಟು ಹೊತ್ತು ಯಾರೂ ನಿಂತಿರಲಿಲ್ಲ. ಬೇಕಾದಷ್ಟು ಎಂದು ಅವರು ಬರೆದದ್ದು ಸುಳ್ಳಾಗಿರಲಿಲ್ಲ. ಓದಿದ್ದರೆ ಕೇಳುತ್ತಿದ್ದೆ. ಕೇಳಿದ್ದರೆ ಹೊಸ್ತಿಲಲ್ಲೇ ನಿಂತು ಹೇಳುತ್ತಿದ್ದರು.

ಮಗಳು ಇನ್ನೂ ವಾಲ್ವಿನ ಬಳಿಯೇ ಇದ್ದಳು. ಬರೆದುಕೊಳ್ಳುವವರು ಬರಲಿಲ್ಲವಲ್ಲ ಎಂದು ಗೇಟಿನ ಕಡೆ ನೋಡುತ್ತಿದ್ದಳು.

"ನಾನು ಬರ್ಕೊಳ್ತೀನಿ" ಎಂದೆ.

ಚೀಲದಿಂದ ಪುಸ್ತಕ ತೆಗೆದು, ಮೂರನೆಯ ಸಂಜೆ ಬರೆದದ್ದರ ಮೇಲೆ ಗೆರೆ ಎಳೆದೆ. ಅವಳು ಬಂದು ಪಕ್ಕದಲ್ಲಿ ನಿಂತಳು. ಮಾತು ಎಂಬಲ್ಲಿ ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಇಳಿಸಿದೆ, ಕೊನೆಯ ಎರಡು ಪದಗಳನ್ನೂ. ಕೆಳಗೆ ಸೇರಿಸಿದೆ: "ಮೊದಲು ಎಲ್ಲರೂ ಸುಮ್ಮನಿರಬೇಕು, ನಲವತ್ತೊಂದು ಎಣಿಸುವ ತನಕ. ಆಮೇಲೆ ಹೇಳುತ್ತಾಳೆ. ತಂದೆಯ ಕೆಲಸದ ಕ್ರಮ ಇದು. ದಯವಿಟ್ಟು ಒಂದು ಸಲ ನಿಂತು ನೋಡಿ." ಇಷ್ಟ ಎಂಬಲ್ಲಿ: "ಪೈಪು, ಗೋಡೆ. ಹೊಟ್ಟೆಯ ವಿಷಯ ಇನ್ನೂ ಕೇಳಿಲ್ಲ." ದೊಡ್ಡ ಟೀಚರು ಇದನ್ನು ಓದಿ ಏನೆನ್ನುತ್ತಾರೋ ಗೊತ್ತಿರಲಿಲ್ಲ. ನನ್ನ ಕೈಯಿಂದ ಬಂದ ಲೆಕ್ಕ ಸರಿಯಿತ್ತು. ಸಹಿ ಹಾಕಿದೆ.

ಕೋಲು ಮಗುವಿನ ಹತ್ತಿರವೇ ಇರಲಿ, ಹೊಸಬನಿಗೆ ಇನ್ನೆಲ್ಲಾದರೂ ನೋಡುತ್ತೇನೆ ಎಂದು ಮೇಸ್ತ್ರಿ ಗೊಣಗಿದರು. ಬೇಡ ಎಂದೆ. ಸೋಮವಾರ ರಾತ್ರಿ ಆ ರಸ್ತೆಗಳಿಗೆ ಯಾರಾದರೂ ಹೋಗಲೇಬೇಕು. ಮಗಳು ಅಳಬಹುದು ಎಂದುಕೊಂಡಿದ್ದೆ. ಅವಳು ಕೋಲನ್ನು ನನ್ನ ಕಡೆ ಚಾಚಿದಳು. ಕೊಡಲಿಕ್ಕಲ್ಲ, ಕೇಳಲಿಕ್ಕೆ. ಬಲಗೈ ಎತ್ತಿದಳು. ಎಲ್ಲರೂ ಮತ್ತೆ ನಿಂತರು.

ಬಗ್ಗಿ, ಹಿತ್ತಾಳೆಯನ್ನು ವಾಲ್ವಿನ ಮೇಲೆ ಊರಿ, ಬಟ್ಟಲಿಗೆ ಕಿವಿ ಇಟ್ಟೆ. ಮರ ಅಲ್ಲಿ ಸವೆದು ನುಣುಪಾಗಿತ್ತು. ಬಹಳ ದೂರದಲ್ಲಿ ಏನೋ ಇತ್ತು. ಅದು ಹರಿಯುತ್ತಿತ್ತೋ ನಿಂತಿತ್ತೋ, ಇಲ್ಲಿಯದೋ ಅಲ್ಲಿಯದೋ, ನನಗೆ ತಿಳಿಯಲಿಲ್ಲ. ತಲೆ ಎತ್ತಿದಾಗ ಆರು ಜನ ನನ್ನ ಮಾತಿಗೆ ಕಾಯುತ್ತಿದ್ದರು.

"ನಂಗೇನೂ ಗೊತ್ತಾಗ್ಲಿಲ್ಲ" ಎಂದೆ.

ಮಗಳು ಸ್ವಲ್ಪ ಯೋಚಿಸಿ, ಮೇಸ್ತ್ರಿಯ ಕಡೆ ತಿರುಗಿದಳು. "ಅಮ್ಮ ಹೊಸಬಳು" ಎಂದಳು.

ಸೆರಗಿನ ತುದಿಯಿಂದ ಬಟ್ಟಲನ್ನು ಒರೆಸಬೇಕೆಂದು ಕೈ ಹೋಯಿತು. ಒರೆಸಲಿಲ್ಲ. ಹಾಗೆಯೇ ಅಡ್ಡ ಹಿಡಿದು, ಮೇಸ್ತ್ರಿಯ ಎರಡು ಅಂಗೈಗಳ ಮೇಲೆ ಕೋಲನ್ನು ಇಟ್ಟೆ. ಶೆಡ್ಡಿನಲ್ಲಿ ಪಂಪು ಮತ್ತೆ ಶುರುವಾಯಿತು.