ಮನೆಯ ದನಿ

"ಇದಕ್ಕಿಂತ ಕಡಿಮೆ ಬೆಲೆಯದ್ರಲ್ಲಿ ಆಗೋದೇ ಇಲ್ವಾ?" ಎಂದು ಅವಳು ಮತ್ತೊಮ್ಮೆ ಕೇಳಿದಳು.

"ಆಗಲ್ಲ ಅಮ್ಮಾ," ಎಂದ ಟೈ ಕಟ್ಟಿದ್ದ ಸೇಲ್ಸ್‌ಮನ್. "ನಮ್ಮ ದನಿ ಕಲಿತು ನಮ್ಮ ಹಾಗೇ ಮಾತಾಡೋದು ಈ ಮಾಡೆಲ್ ಫೋನ್ ಒಂದೇ. ಮಿಕ್ಕಿದ್ದರ ಚಿಪ್‌ಗೆ ಅಷ್ಟು ತಾಕತ್ತಿಲ್ಲ. ಸರ್ ಅರ್ಧ ಗಂಟೆ ಓದಿದ್ರೆ ಸಾಕು, ಆಮೇಲೆ ಟೈಪ್ ಮಾಡಿದ್ದನ್ನೆಲ್ಲ ಅವ್ರ ದನೀಲೇ ಹೇಳುತ್ತೆ. ಮುಂದಿನ ವರ್ಷ ಹೊಸಾದು ಬಂದ್ರೆ ಇದನ್ನ ಕೊಟ್ಟು ಅದನ್ನ ತಗೋಬಹುದು. ಅಪ್‌ಗ್ರೇಡ್ ಪ್ಲಾನ್ ಇದೆ."

"ಆಗ ನನ್ನ ದನೀನೂ ಅಪ್‌ಗ್ರೇಡ್ ಆಗುತ್ತಾ?" ಎಂದ ಗಂಡ.

ಸೇಲ್ಸ್‌ಮನ್ ನಕ್ಕ. ಅವಳಿಗೆ ನಗು ಬರಲಿಲ್ಲ. ಬೆಳಗಾದರೆ ಆಪರೇಷನ್. ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಲೇಬೇಕು ಎಂದಿದ್ದರು ಡಾಕ್ಟರು. ಜೀವ ಉಳಿಯುತ್ತದಲ್ಲ ಎಂದು ನೆಂಟರೆಲ್ಲ ಸಮಾಧಾನ ಹೇಳಿದ್ದರು. ಜೀವ ಉಳಿಯಲಿ. ಆದರೆ ದೀಪ ಆರಿಸಿದ ಮೇಲೆ ಪಕ್ಕದಿಂದ ಬರುತ್ತಿದ್ದ ಆ ಮಾತು? ಅದನ್ನು ಯಾರು ಉಳಿಸಿಕೊಡುತ್ತಾರೆ? ಯೋಚಿಸಿ ಯೋಚಿಸಿ ಅವಳ ತಲೆ ಕೆಟ್ಟು ಹೋಗಿತ್ತು.

ಅವನಿಗೆ ಎರಡು ದನಿಗಳಿದ್ದವು. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವನ ಕೆಲಸ. ಮೂಟೆ ಹತ್ತಿ ನಿಂತು ಕೂಗಿದರೆ ಗೇಟಿನಾಚೆಯ ಲಾರಿಯವರೂ ತಿರುಗಿ ನೋಡಬೇಕು. ಗಂಟಲು ಒಡೆದ ಮೇಲೂ ಆ ಗತ್ತು ಹೋಗಿರಲಿಲ್ಲ. ಮನೆಗೆ ಬಂದರೆ ಮಾತ್ರ ಆಸಾಮಿಯೇ ಬೇರೆ. "ನಿಮ್ಮೆಜಮಾನ್ರು ಊರಲ್ಲಿಲ್ವಾ?" ಎಂದು ಪಕ್ಕದ ಮನೆಯಾಕೆ ಕೇಳುವಷ್ಟು ಮೆತ್ತಗೆ ಮಾತಾಡುತ್ತಿದ್ದ. "ಇವಳೇ" ಎಂದು ಅವನು ಕರೆದರೆ ಅವಳೊಬ್ಬಳಿಗೇ ಕೇಳುತ್ತಿತ್ತು.

ಹೊಸ ಫೋನಿನ ಕಂತು ಕಡಿಮೆಯಾಗಲೆಂದು ತನ್ನ ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟಳು.

"ಇದ್ರಲ್ಲಿ ಬೇಕಾದ್ದೇನಾದ್ರೂ ಇದ್ಯಾ ಅಮ್ಮಾ? ನಿಮ್ಮೆದುರಿಗೇ ಎಲ್ಲಾ ಅಳಿಸ್ಬೇಕು, ಇಲ್ಲಿನ ರೂಲ್ಸು."

"ಫೋಟೋ ಇಳಿಸಿಕೊಡಿ, ಸಾಕು."

ಗಂಡ ಕಳಿಸುತ್ತಿದ್ದ ಮಾತಿನ ಮೆಸೇಜುಗಳೂ ಅದರಲ್ಲಿದ್ದವು; ತನ್ನ ಫೋನಿನಿಂದ ಅವನು ಅವನ್ನು ಆಗಿಂದಾಗ್ಗೆ ಅಳಿಸಿಹಾಕುತ್ತಿದ್ದ. ಟೈಪ್ ಮಾಡಲು ಸೋಮಾರಿ ಅವನು. ಮೂಟೆಗಳ ಸಂದಿಯಲ್ಲಿ ನಿಂತು, ಫೋನನ್ನು ಬಾಯಿಗೆ ಹಿಡಿದು ಮೆಲ್ಲಗೆ ಹೇಳುತ್ತಿದ್ದ: ಹಾಲು ತರ್ಲಾ, ಇವತ್ತು ತಡ ಆಗುತ್ತೆ, ನೀನು ಉಂಡು ಮಲಗು. ಅವು ಅವಳಿಗೆ ನೆನಪಾಗದೆ ಇರಲಿಲ್ಲ. ಇಡೀ ದನಿಯೇ ಸಿಗುವಾಗ ಆ ಚೂರುಪಾರು ಯಾಕೆ ಎಂದುಕೊಂಡಳು.

ಹೊಸ ಫೋನನ್ನು ಒಳಗಿನ ಗಾಜಿನ ಕೋಣೆಯಲ್ಲಿ ಮೇಜಿನ ಮೇಲೆ ನಿಲ್ಲಿಸಿದರು. ಓದಬೇಕಾದ ವಾಕ್ಯಗಳು ಪರದೆಯ ಮೇಲೆ ಒಂದೊಂದಾಗಿ ಬಂದವು. ಅವನು ಕುರ್ಚಿಯಲ್ಲಿ ಕೂರಲಿಲ್ಲ. ಎದ್ದು ನಿಂತು ಎದೆ ಸೆಟೆಸಿದ.

"ಇಂದು ಗಾಳಿ ತಂಪಾಗಿದೆ!"

ಗಾಳಿಯನ್ನೇ ಹರಾಜಿಗಿಟ್ಟ ಹಾಗಿತ್ತು. ಅಂಗಡಿಯ ಗಿರಾಕಿಗಳೆಲ್ಲ ಗಾಜಿನಾಚೆ ಬಂದು ನಿಂತರು. ಜನರನ್ನು ಕಂಡರೆ ಅವನಿಗೆ ಮೊದಲೇ ಹುಮ್ಮಸ್ಸು. ಕೆಮ್ಮು ಬಂದರೂ ನುಂಗಿಕೊಂಡು ಕೂಗಿದ. ಓದಿ ಮುಗಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು, ಕಣ್ಣೀರು ಒರೆಸಿಕೊಳ್ಳುತ್ತಾ. ಮನೆಯಲ್ಲಿ ಮಾತಾಡೋ ಹಾಗೆ ಓದಿ ಎಂದು ಹೇಳಬೇಕಿತ್ತೆಂಬುದು ಅವಳಿಗೆ ಹೊಳೆಯಲೇ ಇಲ್ಲ.

ದನಿ ಸಿದ್ಧವಾಗಲು ರಾತ್ರಿಯೆಲ್ಲ ಬೇಕಿತ್ತು. ಬೆಳಗ್ಗೆ ಆಸ್ಪತ್ರೆಯಲ್ಲಿ ಅವನನ್ನು ಕರೆದೊಯ್ಯಲು ಸ್ಟ್ರೆಚರ್ ಬಂದಾಗಲೂ ಪರದೆಯಲ್ಲಿ ಚಕ್ರ ಸುತ್ತುತ್ತಲೇ ಇತ್ತು.

ಆಪರೇಷನ್ ಮುಗಿದು ಮನೆಗೆ ಬಂದ ದಿನ ಅವನು ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಬರೆದು, ಗುಂಡಿ ಒತ್ತಿದ.

"ಇವಳೇ! ಊಟ ಆಯ್ತಾ!" ಎಂದು ಫೋನು ಅಬ್ಬರಿಸಿತು.

ಅವನದೇ ದನಿ, ಅನುಮಾನವಿಲ್ಲ. ಮಾರುಕಟ್ಟೆಯ ದನಿ. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಅವಳು ಗಾಬರಿಯಿಂದ ವಾಲ್ಯೂಮ್ ಇಳಿಸಿದಳು. ಕೂಗು ದೂರ ಹೋಯಿತೇ ಹೊರತು ಮೆತ್ತಗಾಗಲಿಲ್ಲ. ಅವಳ ಮುಖ ನೋಡಿ ಅವನು ಮತ್ತೇನೋ ಬರೆದ. "ಅಳಬೇಡ!" ಎಂದು ಫೋನು ಗದರಿತು.

ಅವಳು ಅದನ್ನು ಕಿತ್ತುಕೊಂಡು ಅಂಗಡಿಗೆ ಓಡಿದಳು.

"ನಮ್ಮ ಹಳೇ ಫೋನ್ ಕೊಟ್ಬಿಡಿ. ಇದನ್ನ ನೀವೇ ಇಟ್ಕೊಳ್ಳಿ. ದಮ್ಮಯ್ಯ ಅಂತೀನಿ."

"ಅವತ್ತೇ ನಿಮ್ಮೆದುರಿಗೇ ಅಳಿಸಿದ್ನಲ್ಲ ಅಮ್ಮಾ. ಅಳಿಸಿದ್ದು ವಾಪಸ್ ಬರಲ್ಲ." ಸೇಲ್ಸ್‌ಮನ್ ಫೋನನ್ನು ತಿರುಗಿಸಿ ನೋಡಿದ. "ಇದ್ರದ್ದೇನೂ ತಪ್ಪಿಲ್ಲ, ಕೇಳಿದ್ದನ್ನ ಕಲಿತಿದೆ. ಒಂದ್ಕೆಲ್ಸ ಮಾಡಿ, ಸರ್‌ನ ಇನ್ನೊಂದ್ಸಲ ಕರ್ಕೊಂಡ್ಬನ್ನಿ, ಈ ಸಲ ಮೆತ್ತಗೆ ಓದಿ…" ಎಂದವನು ನಾಲಗೆ ಕಚ್ಚಿಕೊಂಡ.

ಅವಳು ಕೌಂಟರಿಗೆ ಹಣೆ ಆನಿಸಿ ಅತ್ತಳು. ನಾಚಿಕೆ ಮಾನ ಒಂದೂ ಉಳಿದಿರಲಿಲ್ಲ. ಹೊಸ ಫೋನು ನೋಡಲು ಬಂದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಮಾರನೆಯ ದಿನ ಹೊಲಿಯಲು ಕೂತಳು. ಒಪ್ಪಿಕೊಂಡ ಬಟ್ಟೆಗಳು ಬಾಕಿಯಿದ್ದವು. ಹೊಲಿಗೆ ಮೆಷಿನ್ನು ಕಿಟಕಿಗೆ ಮುಖ ಮಾಡಿತ್ತು. ಮಂಚ ಅವಳ ಬೆನ್ನ ಹಿಂದೆ. ಒಂದು ತೋಳು ಮುಗಿಸಿ, ಕತ್ತರಿಗೆಂದು ತಿರುಗಿದಳು. ಗಂಡ ದಿಂಬಿಗೊರಗಿ ಕೂತು ಅವಳ ಬೆನ್ನನ್ನೇ ನೋಡುತ್ತಾ ತುಟಿ ಆಡಿಸುತ್ತಿದ್ದ. ಫೋನು ಕೈಗೆಟುಕುವಲ್ಲೇ ಇತ್ತು. ಅದನ್ನು ಮುಟ್ಟಿರಲಿಲ್ಲ.

"ಯಾವಾಗಿಂದ ಕರೀತಿದ್ರಿ?"

ಅವನು ಏನೂ ಇಲ್ಲವೆಂಬಂತೆ ತಲೆಯಾಡಿಸಿದ.

ಅವಳು ಎದ್ದು ಮೆಷಿನ್ನನ್ನು ಎರಡೂ ಕೈಯಿಂದ ಹಿಡಿದೆಳೆದಳು. ಕಬ್ಬಿಣದ ಕಾಲುಗಳು ನೆಲ ಕೆರೆದವು. ಎಳೆದೂ ಎಳೆದೂ ಮಂಚದ ಕಡೆಗೆ ಮುಖ ಮಾಡಿ ನಿಲ್ಲಿಸಿ, ಕಿಟಕಿಗೆ ಬೆನ್ನು ಹಾಕಿ ಕೂತಳು. ಬಟ್ಟೆಯ ಮೇಲೆ ಅವಳದೇ ನೆರಳು ಬಿತ್ತು, ಸೂಜಿ ಸರಿಯಾಗಿ ಕಾಣುತ್ತಿರಲಿಲ್ಲ. ತಲೆ ತಗ್ಗಿಸಿ ಒಂದು ಗೇಣು ಹೊಲಿದಳು, ತಲೆಯೆತ್ತಿ ಅವನ ತುಟಿ ನೋಡಿದಳು, ಮತ್ತೆ ಒಂದು ಗೇಣು ಹೊಲಿದಳು.